ಸೋಪ್‌ಯುಐನಲ್ಲಿ ಓಡುತ್ತದೆ, ಸ್ಕ್ರಿಪ್ಟ್‌ನಲ್ಲಿ ಓಡುವುದಿಲ್ಲ: ಒಂದು ಹಳೆಯ ತಕರಾರಿನ ಹಿನ್ನೆಲೆ

ಗಂಗಾವತಿಯ ಅಕ್ಕಿ ಗಿರಣಿಗೆ ಹೋಗಿ, ಸಂಡೂರಿನ ಅದಿರು ಯಾರ್ಡ್‌ಗೆ ಹೋಗಿ, ವೇಬ್ರಿಡ್ಜ್ ಪಕ್ಕದ ಕೋಣೆ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ತೂಕದ ಇಂಡಿಕೇಟರ್‌ನಿಂದ ಒಂದು ಸೀರಿಯಲ್ ಕೇಬಲ್ ಕಂಪ್ಯೂಟರ್‌ಗೆ ಬರುತ್ತದೆ. ಭರ್ತಿ ಲಾರಿಯ ತೂಕದಲ್ಲಿ ಖಾಲಿ ಲಾರಿಯ ತೂಕ ಕಳೆದರೆ ನಿವ್ವಳ. ಆ ಅಂಕಿಯನ್ನು ಊರಿನವರೇ ಬರೆದುಕೊಟ್ಟ ಪಿಎಚ್‌ಪಿ ಅಥವಾ ಪೈಥಾನ್ ಸ್ಕ್ರಿಪ್ಟ್ ಎತ್ತಿಕೊಂಡು, ಸರಕು ಕೊಳ್ಳುವ ಕಂಪನಿಯ ಇಆರ್‌ಪಿಗೆ, ಅಂದರೆ ಅದರ ಇಡೀ ವ್ಯವಹಾರದ ಲೆಕ್ಕ ಇಡುವ ತಂತ್ರಾಂಶಕ್ಕೆ, ಮುಟ್ಟಿಸಬೇಕು. ಹೊಸ ಸೇವೆಗಳೆಲ್ಲ ಜೇಸನ್ ಎಂಬ ಹಗುರ ರೂಪಕ್ಕೆ ಬಂದಿವೆ. ಆದರೆ ಹದಿನೈದು ವರ್ಷದ ಹಿಂದೆ ಕಟ್ಟಿದ ಇಆರ್‌ಪಿಗೆ ಒಳಹೋಗುವ ಬಾಗಿಲು ಇವತ್ತಿಗೂ ಬಹಳ ಕಡೆ ಸೋಪ್, ಅಂದರೆ ಎಕ್ಸ್‌ಎಂಎಲ್ ಟ್ಯಾಗ್‌ಗಳಲ್ಲಿ ಸಂದೇಶ ಕಳಿಸುವ ಹಳೆಯ ಪದ್ಧತಿ. ಅಲ್ಲಿಯವರು ಒಂದು ಡಬ್ಲ್ಯುಎಸ್‌ಡಿಎಲ್ (ಸೇವೆಯನ್ನು ಕರೆಯುವ ಬಗೆ ವಿವರಿಸುವ ಫೈಲ್) ಕೊಂಡಿ ಕಳಿಸಿ ‘ಇದರಲ್ಲಿ ಎಲ್ಲ ಇದೆ’ ಎನ್ನುತ್ತಾರೆ. ತಾಪತ್ರಯ ಶುರುವಾಗುವುದು ಆಮೇಲೆ: ಸೋಪ್ ರಿಕ್ವೆಸ್ಟ್ ಪರೀಕ್ಷಿಸುವ ಸೋಪ್‌ಯುಐ ಎಂಬ ಉಪಕರಣದಲ್ಲಿ ಓಡಿದ್ದು ನಮ್ಮ ಸ್ಕ್ರಿಪ್ಟ್‌ನಲ್ಲಿ ಓಡುವುದಿಲ್ಲ.

1998ರಲ್ಲಿ, ದೂರದ ಯಂತ್ರದ ಫಂಕ್ಷನ್ ಅನ್ನು ಎಕ್ಸ್‌ಎಂಎಲ್ ಕಳಿಸಿ ಕರೆಯುವ ಎಕ್ಸ್‌ಎಂಎಲ್-ಆರ್‌ಪಿಸಿ ಎಂಬ ಸರಳ ಪದ್ಧತಿ ಬಂತು. ಅದರ ಒಡಹುಟ್ಟಿದಂತೆ ಬೆಳೆದ ಸೋಪ್‌ನ 1.1ನೇ ಆವೃತ್ತಿ 2000ದ ಮೇ ತಿಂಗಳಲ್ಲಿ, ವೆಬ್ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಟಿಪ್ಪಣಿಯಾಗಿ ಪ್ರಕಟವಾಯಿತು. ಸೇವೆಯ ವಿವರವನ್ನು ಯಂತ್ರವೇ ಓದಿಕೊಳ್ಳಲಿ ಎಂದು 2001ರಲ್ಲಿ ಡಬ್ಲ್ಯುಎಸ್‌ಡಿಎಲ್ 1.1 ಬಂತು, 2003ರ ಜೂನ್‌ನಲ್ಲಿ ಸೋಪ್ 1.2 ಪೂರ್ಣ ಶಿಫಾರಸಾಯಿತು. ಸೇವೆಗಳ ಜಾಗತಿಕ ಡೈರೆಕ್ಟರಿಯಂತೆ ಕಟ್ಟಿದ್ದ ಸಾರ್ವಜನಿಕ ಯುಡಿಡಿಐ ನೋಂದಣಿಗಳನ್ನು 2006ರ ಜನವರಿಯಲ್ಲಿ ಮುಚ್ಚಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಗೂಗಲ್ ತನ್ನ ಸೋಪ್ ಹುಡುಕಾಟ ಸೇವೆಗೆ ಹೊಸ ಕೀ ಕೊಡುವುದನ್ನು ನಿಲ್ಲಿಸಿತು. ಬಯಲಿನ ವೆಬ್ ಸೋಪನ್ನು ಬಿಟ್ಟು ನಡೆಯಿತು. ಕಾರ್ಖಾನೆ, ಬ್ಯಾಂಕ್, ವಿಮೆಯ ಒಳಮನೆಗಳಲ್ಲಿ ಅದು ಉಳಿಯಿತು.

‘ಸಿಂಪಲ್ ಆಬ್ಜೆಕ್ಟ್ ಆಕ್ಸೆಸ್ ಪ್ರೋಟೊಕಾಲ್’ ಎಂಬ ಸೋಪ್‌ನ ಹೆಸರಿನ ವಿಸ್ತರಣೆಯನ್ನು 1.2ನೇ ಆವೃತ್ತಿಯೇ ಕೈಬಿಟ್ಟಿತು ಎಂಬುದನ್ನು ಗಮನಿಸಬೇಕು. ಜಾವಾ ಮತ್ತು ಡಾಟ್‌ನೆಟ್‌ನ ಉಪಕರಣಗಳು ಡಬ್ಲ್ಯುಎಸ್‌ಡಿಎಲ್ ಓದಿ ಕೋಡನ್ನು ತಾವೇ ಹುಟ್ಟಿಸುತ್ತಿದ್ದವು, ಬರೆಯುವವನ ಕಣ್ಣಿಗೆ ಎಕ್ಸ್‌ಎಂಎಲ್ ಬೀಳುತ್ತಲೇ ಇರಲಿಲ್ಲ. ಮಾನದಂಡ ಬೆಳೆದದ್ದೂ ಅಂಥ ಉಪಕರಣ ಇದ್ದೇ ಇರುತ್ತದೆ ಎಂಬ ನಂಬಿಕೆಯ ಮೇಲೆ. ಸ್ಕ್ರಿಪ್ಟ್ ಭಾಷೆಯವರ ಕೈಗೆ ಸಿಕ್ಕಿದ್ದು ಅರ್ಧ ಉಪಕರಣ.

ಪರ್ಲ್‌ಗೆ ಸೋಪ್ ಲೈಟ್ ಇತ್ತು, ಪಿಎಚ್‌ಪಿಗೆ ನುಸೋಪ್ ಇತ್ತು. 2004ರ ಜುಲೈನಲ್ಲಿ ಪಿಎಚ್‌ಪಿ 5 ಸೋಪ್‌ಕ್ಲೈಂಟ್ ಅನ್ನು ತನ್ನೊಳಗೇ ತಂದಿತು. ಪೈಥಾನ್‌ನಲ್ಲಿ ಸಡ್ಸ್ ಎಂಬ ಲೈಬ್ರರಿ ಚೆನ್ನಾಗಿ ಓಡುತ್ತಿತ್ತು, 2010ರ ಸುಮಾರಿಗೆ ಅದರ ಮೂಲ ಕವಲು ನಿಂತಿತು. 2016ರಲ್ಲಿ ಬಂದ ಜೀಪ್ ಈಗ ಆ ಜಾಗದಲ್ಲಿದೆ. ನಮ್ಮ ಭಾಗದಲ್ಲಿ ಇಂದಿಗೂ ಹೆಚ್ಚು ಕಾಣುವುದು ವಿಂಡೋಸ್ ಮೇಲೆ ಜ್ಯಾಂಪ್ (ಅಪಾಚೆ ವೆಬ್ ಸರ್ವರ್, ಪಿಎಚ್‌ಪಿ ಒಟ್ಟಿಗೆ ಬರುವ ಕಟ್ಟು) ಹಾಕಿ ಓಡಿಸುವ ಪಿಎಚ್‌ಪಿ, ಹಾಗಾಗಿ ಆ ಕಾಲದ ತೊಡಕುಗಳನ್ನೇ ಬಿಡಿಸಿ ನೋಡುವುದು ಉಪಯೋಗಕ್ಕೆ ಬರುತ್ತದೆ.

ಮೊದಲ ಹೊಸ್ತಿಲು

ಜ್ಯಾಂಪ್‌ನ ಪಿಎಚ್‌ಪಿ ಐಎನ್‌ಐ ಎಂಬ ಸೆಟ್ಟಿಂಗ್ ಫೈಲ್‌ನಲ್ಲಿ ಸೋಪ್ ಎಕ್ಸ್‌ಟೆನ್ಷನ್ ಸಾಲಿನ ಮುಂದೆ ಅರ್ಧವಿರಾಮ ಇರುತ್ತದೆ. ಅದನ್ನು ತೆಗೆದು ಅಪಾಚೆಯನ್ನು ಮರುಚಾಲನೆ ಮಾಡದಿದ್ದರೆ ‘ಕ್ಲಾಸ್ ಸೋಪ್‌ಕ್ಲೈಂಟ್ ನಾಟ್ ಫೌಂಡ್’ ಎಂದೇ ಬರುತ್ತದೆ. ಉಬುಂಟುವಿನಲ್ಲಿ ಸೋಪ್ ಪ್ಯಾಕೇಜನ್ನು ಬೇರೆಯಾಗಿಯೇ ಹಾಕಬೇಕು. ಅಲ್ಲಿ ಕಮಾಂಡ್ ಸಾಲಿಗೆ ಒಂದು ಐಎನ್‌ಐ, ಅಪಾಚೆಗೆ ಇನ್ನೊಂದು. ಟರ್ಮಿನಲ್‌ನಲ್ಲಿ ಓಡಿದ್ದು ಬ್ರೌಸರ್‌ನಲ್ಲಿ ಓಡದಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಮುಂದಿನದು ‘ಪಾರ್ಸಿಂಗ್ ಡಬ್ಲ್ಯುಎಸ್‌ಡಿಎಲ್: ಕುಡ್‌ಂಟ್ ಲೋಡ್’. ನಿಮ್ಮ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಕೊಂಡಿ ತೆರೆದುಕೊಂಡರೆ ಏನೂ ಸಾಬೀತಾಗುವುದಿಲ್ಲ. ಸ್ಕ್ರಿಪ್ಟ್ ಓಡುವ ಅದೇ ಯಂತ್ರದಿಂದ, ಕೊಂಡಿ ತೆರೆದು ತರುವ ಕರ್ಲ್ ಎಂಬ ಕಮಾಂಡ್ ಹಾಕಿ ನೋಡಬೇಕು. ಆ ಕಡೆಯವರು ಗೊತ್ತಿರುವ ಐಪಿಗೆ ಮಾತ್ರ ಬಾಗಿಲು ತೆರೆದಿದ್ದು, ಗಿರಣಿಯ ಬ್ರಾಡ್‌ಬ್ಯಾಂಡ್ ಐಪಿ ರಾತ್ರಿ ಬದಲಾಗಿದ್ದರೆ 403 (ಪ್ರವೇಶವಿಲ್ಲ) ಬರುತ್ತದೆ. ಡಬ್ಲ್ಯುಎಸ್‌ಡಿಎಲ್ ತೆರೆದರೂ ಅದರ ಕೊನೆಯಲ್ಲಿರುವ ಸೋಪ್ ವಿಳಾಸ ಅವರ ಒಳನೆಟ್‌ವರ್ಕ್‌ನ ಯಂತ್ರದ ಹೆಸರಾಗಿರಬಹುದು, ಹೊರಗಿನಿಂದ ಅದು ಯಾರಿಗೂ ಸಿಗದು. ಪಿಎಚ್‌ಪಿಯಲ್ಲಿ ಲೊಕೇಷನ್ ಆಯ್ಕೆಯಿಂದ, ಜೀಪ್‌ನಲ್ಲಿ ಕ್ರಿಯೇಟ್ ಸರ್ವಿಸ್‌ನಿಂದ ಆ ವಿಳಾಸವನ್ನು ನಾವೇ ಕೊಡಬಹುದು.

ಎರಡು ಆವೃತ್ತಿ, ಎರಡು ಹೆಡರ್

1.1ರ ರಿಕ್ವೆಸ್ಟ್‌ನ ಕಂಟೆಂಟ್ ಟೈಪ್ ‘ಟೆಕ್ಸ್ಟ್/ಎಕ್ಸ್‌ಎಂಎಲ್’, ಜೊತೆಗೆ ಸೋಪ್‌ಆಕ್ಷನ್ ಎಂಬ ಪ್ರತ್ಯೇಕ ಹೆಡರ್. 1.2ರಲ್ಲಿ ‘ಅಪ್ಲಿಕೇಷನ್/ಸೋಪ್+ಎಕ್ಸ್‌ಎಂಎಲ್’, ಆಕ್ಷನ್ ಅದೇ ಸಾಲಿನೊಳಗೆ ಸೇರಿಕೊಳ್ಳುತ್ತದೆ. ಸಂದೇಶವನ್ನು ಸುತ್ತುವ ಎನ್ವಲಪ್ ಟ್ಯಾಗ್‌ನ ನೇಮ್‌ಸ್ಪೇಸ್ (ಟ್ಯಾಗ್ ಯಾವ ಗುಂಪಿನದು ಎಂದು ಹೇಳುವ ಗುರುತು) ಕೂಡ ಬೇರೆ. ಮೈಕ್ರೋಸಾಫ್ಟ್‌ನ ಸೇವೆ ಕಟ್ಟುವ ಚೌಕಟ್ಟಾದ ಡಬ್ಲ್ಯುಸಿಎಫ್‌ನಲ್ಲಿ ಬೇಸಿಕ್ ಎಚ್‌ಟಿಟಿಪಿ ಬೈಂಡಿಂಗ್ ಎಂದರೆ 1.1, ಡಬ್ಲ್ಯುಎಸ್ ಎಚ್‌ಟಿಟಿಪಿ ಬೈಂಡಿಂಗ್ ಎಂದರೆ 1.2. ಆವೃತ್ತಿ ತಪ್ಪಿದರೆ 415 (ಈ ಕಂಟೆಂಟ್ ಟೈಪ್ ಒಪ್ಪುವುದಿಲ್ಲ) ಬರುತ್ತದೆ, ಅಥವಾ ‘ವರ್ಷನ್ ಮಿಸ್‌ಮ್ಯಾಚ್’ ಎಂಬ ಫಾಲ್ಟ್, ಅಂದರೆ ಸೋಪ್‌ನ ದೋಷ ಸಂದೇಶ. ಮೈಕ್ರೋಸಾಫ್ಟ್‌ನದೇ ಅದಕ್ಕಿಂತ ಹಳೆಯ ಎಎಸ್‌ಎಂಎಕ್ಸ್ ಸೇವೆಗಳು ಸೋಪ್‌ಆಕ್ಷನ್‌ನ ಮೌಲ್ಯ ಒಂದು ಓರೆಗೆರೆ ಹೆಚ್ಚುಕಡಿಮೆಯಾದರೂ ಗುರುತಿಸಲಿಲ್ಲ ಎನ್ನುತ್ತವೆ.

ಇಲ್ಲಿ ಸ್ಕ್ರಿಪ್ಟ್‌ನವರನ್ನು ತುಂಬ ಅಲೆಸಿದ ಇನ್ನೊಂದು ನಿಯಮವಿದೆ. 1.1ರ ಪ್ರಕಾರ ಫಾಲ್ಟ್ ಬಂದಾಗ ಎಚ್‌ಟಿಟಿಪಿ ಸ್ಥಿತಿ 500 (ಸರ್ವರ್ ದೋಷ) ಆಗಿರಬೇಕು. ಕಾರಣ ವಿವರಿಸುವ ಎಕ್ಸ್‌ಎಂಎಲ್ ಆ 500ರ ಹೊಟ್ಟೆಯಲ್ಲೇ ಇರುತ್ತದೆ. ಪಿಎಚ್‌ಪಿಯ ಫೈಲ್ ಗೆಟ್ ಕಂಟೆಂಟ್ಸ್ 500 ಕಂಡೊಡನೆ ಹೊಟ್ಟೆಯನ್ನು ಎಸೆದುಬಿಡುತ್ತದೆ, ಇಗ್ನೋರ್ ಎರರ್ಸ್ ಹಾಕಿದರಷ್ಟೇ ಉಳಿಸಿಕೊಡುತ್ತದೆ. ಪೈಥಾನ್‌ನ ಯುಆರ್‌ಎಲ್‌ಲಿಬ್ ಎಕ್ಸೆಪ್ಷನ್ ಎಸೆಯುತ್ತದೆ, ಆ ಎಕ್ಸೆಪ್ಷನ್ ಮೇಲೆಯೇ ರೀಡ್ ಮಾಡಿದರೆ ಫಾಲ್ಟ್ ಓದಲು ಸಿಗುತ್ತದೆ. ‘ಸರ್ವರ್ ಕೆಟ್ಟಿದೆ’ ಎಂದು ಫೋನ್ ಹಚ್ಚುವ ಮೊದಲು ಇದನ್ನು ಓದಿದರೆ ಅರ್ಧ ದಿನ ಉಳಿಯುತ್ತದೆ.

ಸೊನ್ನೆ ಕೆಜಿ ಲಾರಿ

ದೋಷದ ಸಂದೇಶ ಬಂದರೆ ಒಳ್ಳೆಯದೇ. ಬಾರದೇ ಇರುವುದು ಅಪಾಯ. ಸರ್ವರ್ 200 (ಎಲ್ಲ ಸರಿ) ಎನ್ನುತ್ತದೆ, ಚೀಟಿ ನಂಬರೂ ಕೊಡುತ್ತದೆ, ಇಆರ್‌ಪಿಯಲ್ಲಿ ನೋಡಿದರೆ ನಿವ್ವಳ ತೂಕ ಸೊನ್ನೆ, ಲಾರಿ ನಂಬರ್ ಖಾಲಿ. ಇದಕ್ಕೆ ಸಾಮಾನ್ಯವಾಗಿ ಎರಡು ಮೂಲ.

ಒಂದು, ಎಲ್ಲವೂ ಒಂದೇ ಎಕ್ಸ್‌ಎಂಎಲ್ ದಾಖಲೆಯಾಗಿ ಹೋಗುವ ‘ಡಾಕ್ಯುಮೆಂಟ್ ಲಿಟರಲ್’ ಶೈಲಿಯ ಸೇವೆಗೆ ಹಳೆಯ ಆರ್‌ಪಿಸಿ ರೂಢಿಯಲ್ಲಿ ಮೌಲ್ಯಗಳನ್ನು ಒಂದರ ಹಿಂದೊಂದು ಕೊಡುವುದು. ಸೋಪ್‌ಕ್ಲೈಂಟ್‌ನ ಗೆಟ್ ಫಂಕ್ಷನ್ಸ್ ಕರೆದು ಪಟ್ಟಿ ಮುದ್ರಿಸಿ. ಅಲ್ಲಿ ಪ್ರತಿ ಫಂಕ್ಷನ್‌ನ ಆವರಣದಲ್ಲಿ ‘ಪ್ಯಾರಾಮೀಟರ್ಸ್’ ಎಂಬ ಒಂದೇ ಹೆಸರು ಕಂಡರೆ, ಎಲ್ಲ ಮೌಲ್ಯಗಳನ್ನೂ ಹೆಸರಿನ ಸಮೇತ ಒಂದೇ ಅರೇಯಲ್ಲಿ ಇಟ್ಟು ಕೊಡಬೇಕು. ಒಳಗಿನ ಹೆಸರುಗಳಿಗೆ ಗೆಟ್ ಟೈಪ್ಸ್ ನೋಡಬೇಕು; ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಜೀಪ್‌ನವರು ಪೈಥಾನ್‌ಗೆ ಮೈನಸ್ ಎಂ ಜೀಪ್ ಎಂದು ಕೊಟ್ಟು ಡಬ್ಲ್ಯುಎಸ್‌ಡಿಎಲ್ ಕೊಂಡಿ ಸೇರಿಸಿದರೆ ಇಡೀ ಪಟ್ಟಿ ಪರದೆಗೆ ಬರುತ್ತದೆ.

ಎರಡು, ನೇಮ್‌ಸ್ಪೇಸ್. ಎಕ್ಸ್‌ಎಂಎಲ್ ಅನ್ನು ಕೈಯಲ್ಲಿ ಬರೆದು ಕಳಿಸುವವರಿಗೆ ಇದು ಹೆಚ್ಚು ಕಾಡುತ್ತದೆ. ಡಬ್ಲ್ಯುಎಸ್‌ಡಿಎಲ್‌ನೊಳಗೆ ಟ್ಯಾಗ್‌ಗಳ ರಚನೆ ಹೇಳುವ ಸ್ಕೀಮಾದಲ್ಲಿ ‘ಎಲಿಮೆಂಟ್ ಫಾರ್ಮ್ ಡೀಫಾಲ್ಟ್’ ಎಂಬುದು ‘ಕ್ವಾಲಿಫೈಡ್’ ಆಗಿದ್ದರೆ ಒಳಗಿನ ಪ್ರತಿ ಟ್ಯಾಗ್ ಕೂಡ ಸೇವೆಯ ನೇಮ್‌ಸ್ಪೇಸ್‌ಗೆ ಸೇರಿರಬೇಕು. ಹೊರ ಟ್ಯಾಗ್‌ಗೆ ಮಾತ್ರ ಹಾಕಿ ಬಿಟ್ಟರೆ ಸರ್ವರ್‌ನ ಪಾಲಿಗೆ ‘ತೂಕ’ ಎಂಬ ಹೆಸರಿನ ಬೇರೆಯೇ ಯಾವುದೋ ಟ್ಯಾಗ್ ಬಂದಂತೆ. ಅದನ್ನು ಬದಿಗಿಟ್ಟು ತನ್ನ ತೂಕವನ್ನು ಸೊನ್ನೆ ಎಂದುಕೊಳ್ಳುತ್ತದೆ. ಸೀಕ್ವೆನ್ಸ್ ಎಂದು ಬರೆದಿದ್ದರೆ ಟ್ಯಾಗ್‌ಗಳ ಕ್ರಮವೂ ಹಾಗೆಯೇ ಇರಬೇಕು.

ವಾಪಸ್ ಬರುವ ಉತ್ತರದಲ್ಲಿಯೂ ಒಂದು ಬಲೆ ಇದೆ. ದಿನದ ಲಾರಿಗಳ ಪಟ್ಟಿ ಕೇಳಿದಾಗ ಎರಡು ಲಾರಿ ಇದ್ದರೆ ಪಿಎಚ್‌ಪಿ ಅರೇ ಕೊಡುತ್ತದೆ, ಒಂದೇ ಇದ್ದರೆ ನೇರ ಆಬ್ಜೆಕ್ಟ್ ಕೊಡುತ್ತದೆ. ಸುಗ್ಗಿಯಲ್ಲಿ ಪರೀಕ್ಷೆ ಮಾಡಿ ಒಪ್ಪಿಸಿದ ಸ್ಕ್ರಿಪ್ಟ್, ಒಂದೇ ಲಾರಿ ಬಂದ ಅಮಾವಾಸ್ಯೆಯ ದಿನ ಬಿದ್ದುಹೋಗುತ್ತದೆ. ಕ್ಲೈಂಟ್ ಕಟ್ಟುವಾಗಲೇ ಫೀಚರ್ಸ್‌ನಲ್ಲಿ ಸಿಂಗಲ್ ಎಲಿಮೆಂಟ್ ಅರೇಸ್ ಹಾಕಿದರೆ ಯಾವಾಗಲೂ ಅರೇ ಸಿಗುತ್ತದೆ.

(ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ಬಗ್ಗೆ ಒಂದು ಮಾತು. ಅದು 9000ನೇ ಪೋರ್ಟ್‌ನಲ್ಲಿ ಎಕ್ಸ್‌ಎಂಎಲ್ ಸ್ವೀಕರಿಸುತ್ತದೆ, ಅದರಲ್ಲಿ ಎನ್ವಲಪ್, ಹೆಡರ್, ಬಾಡಿ ಎಂಬ ಟ್ಯಾಗ್‌ಗಳೂ ಇವೆ. ಹೆಸರು ಅದೇ ಆದರೂ ಅದು ಸೋಪ್ ಅಲ್ಲ. ಸೋಪ್‌ಕ್ಲೈಂಟ್ ಬಿಟ್ಟು ಸಾದಾ ಪೋಸ್ಟ್ ಮಾಡಿ.)

ಕನ್ನಡ ಅಕ್ಷರ ಬಂದಾಗ

ರೈತರ ಹೆಸರು, ಊರಿನ ಹೆಸರು ಕನ್ನಡದಲ್ಲೇ ಹೋಗಬೇಕು, ಹೋಗುತ್ತದೆ ಕೂಡ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ‘ಬಳ್ಳಾರಿ’ ಪದದಲ್ಲಿ ಒತ್ತು, ಕಾಗುಣಿತ ಸೇರಿ 7 ಸಂಕೇತ, ಅಂದರೆ 21 ಬೈಟ್. ಕೈಯಲ್ಲಿ ಕಂಟೆಂಟ್ ಲೆಂತ್ ಬರೆಯುವಾಗ ಪೈಥಾನ್‌ನ ಲೆನ್ ಅನ್ನು ಸ್ಟ್ರಿಂಗ್ ಮೇಲೆ ಹಾಕಿದರೆ 7 ಎಂದೇ ಹೇಳುತ್ತದೆ. ಸರ್ವರ್ ಅಷ್ಟಕ್ಕೇ ಓದುವುದನ್ನು ನಿಲ್ಲಿಸುತ್ತದೆ, ಮುಚ್ಚುವ ಟ್ಯಾಗ್ ತಲುಪುವುದೇ ಇಲ್ಲ. ಎನ್‌ಕೋಡ್ ಮಾಡಿ ಆಮೇಲೆ ಅಳೆಯಬೇಕು, ಅಥವಾ ಅಳೆಯುವ ಕೆಲಸವನ್ನು ಲೈಬ್ರರಿಗೇ ಬಿಡಬೇಕು. ‘ಕೊಪ್ಪಳ’ದ ‘ಕೊ’ದಲ್ಲಿರುವ ಸ್ವರವನ್ನು ಒಂದು ಸಂಕೇತವಾಗಿಯೂ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಮೊದಲಿನದು 18 ಬೈಟ್, ಎರಡನೆಯದು 21. ಕಣ್ಣಿಗೆ ಎರಡೂ ಒಂದೇ. ಸರ್ವರ್‌ನ ಹೋಲಿಕೆಗೆ ಬೇರೆ ಬೇರೆ. ಕಳಿಸುವ ಮೊದಲು ಎನ್‌ಎಫ್‌ಸಿ ಎಂಬ, ಸ್ವರವನ್ನು ಒಂದೇ ಸಂಕೇತವಾಗಿ ಕೂಡಿಸುವ ರೂಪಕ್ಕೆ ತಂದುಬಿಡಿ.

ಹಳೆಯ ಡೇಟಾಬೇಸ್ ನುಡಿಯ ಆಸ್ಕಿ ಫಾಂಟ್‌ನಲ್ಲಿ ತುಂಬಿದ್ದಾದರೆ ‘ನಾಟ್ ಎ ವ್ಯಾಲಿಡ್ ಯುಟಿಎಫ್-8 ಸ್ಟ್ರಿಂಗ್’ ಎಂದು ಪಿಎಚ್‌ಪಿ ಕಳಿಸುವ ಮೊದಲೇ ನಿಲ್ಲಿಸುತ್ತದೆ. ಅದಕ್ಕೆ ಸ್ಪಷ್ಟ ಕಾರಣವಿದೆ. ಆ ಫಾಂಟ್‌ನಲ್ಲಿ ‘ಕ’ ಬರೆದರೆ 192ನೇ ಬೈಟ್ ಬರುತ್ತದೆ, ‘ಸಾ’ ಬರೆದರೆ 193ನೆಯದು. ಸರಿಯಾದ ಯುಟಿಎಫ್-8ರಲ್ಲಿ ಈ ಎರಡೂ ಬೈಟ್‌ಗಳು ಎಲ್ಲಿಯೂ ಬರುವಂತಿಲ್ಲ. ಲ್ಯಾಟಿನ್‌ನಿಂದ ಯುಟಿಎಫ್-8ಕ್ಕೆ ತಿರುಗಿಸುವ ಫಂಕ್ಷನ್ ಹಾಕಿದರೆ ದೋಷ ಅಡಗುತ್ತದೆ, ಆದರೆ ಆ ಕಡೆ ತಲುಪುವುದು ಯಾರಿಗೂ ಓದಲಾಗದ ಚಿಹ್ನೆಗಳ ಸಾಲು. ನುಡಿಯಿಂದ ಯೂನಿಕೋಡ್‌ಗೆ ಪರಿವರ್ತಿಸುವುದೊಂದೇ ದಾರಿ.

ಹೆಸರು ಬದಲಾದರೂ ಬದಲಾಗದ ಕ್ಯಾಶ್

2014ರ ನವೆಂಬರ್ 1ರಂದು ಬಳ್ಳಾರಿ ಊರಿನ ಅಧಿಕೃತ ಇಂಗ್ಲಿಷ್ ಕಾಗುಣಿತ ‘ಬೆಳ್ಳಾರಿ’ ಎನ್ನುವಂತಿದ್ದದ್ದು ‘ಬಳ್ಳಾರಿ’ ಎಂದಾಯಿತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಜಿಲ್ಲೆಗಳ ಪಟ್ಟಿಯನ್ನು ಸ್ಕೀಮಾದೊಳಗೇ ಎನ್ಯುಮರೇಷನ್ (ಒಪ್ಪುವ ಹೆಸರುಗಳ ಸ್ಥಿರ ಪಟ್ಟಿ) ಆಗಿ ಬರೆದಿಟ್ಟ ಯಾವ ಸೇವೆಗೂ ಇಂಥ ಬದಲಾವಣೆ ಎಂದರೆ ಡಬ್ಲ್ಯುಎಸ್‌ಡಿಎಲ್ ಬದಲಾವಣೆ. ಪಿಎಚ್‌ಪಿ ಅದನ್ನು 86,400 ಸೆಕೆಂಡ್, ಅಂದರೆ ಒಂದು ಇಡೀ ದಿನ, ಹಳೆಯ ರೂಪದಲ್ಲೇ ಕ್ಯಾಶ್‌ನಲ್ಲಿ, ಅಂದರೆ ತಾತ್ಕಾಲಿಕ ಪ್ರತಿಯಾಗಿ, ಹಿಡಿದುಕೊಂಡಿರುತ್ತದೆ. ಟೆಂಪ್ ಫೋಲ್ಡರ್‌ನಲ್ಲಿ ‘ಡಬ್ಲ್ಯುಎಸ್‌ಡಿಎಲ್’ ಎಂದು ಶುರುವಾಗುವ ಫೈಲ್‌ಗಳನ್ನು ಅಳಿಸಬೇಕು. ಅಳಿಸಿದರೂ ಏನೂ ಬದಲಾಗದಿದ್ದರೆ, ಲಿನಕ್ಸ್‌ನಲ್ಲಿ ಅಪಾಚೆಗೆ ಸಿಸ್ಟಂಡಿ (ಸೇವೆಗಳನ್ನು ಚಾಲೂ ಮಾಡುವ ವ್ಯವಸ್ಥೆ) ಕೊಟ್ಟಿರುವ ಖಾಸಗಿ ಟೆಂಪ್ ಫೋಲ್ಡರ್ ಒಳಗೆ ನೋಡಬೇಕು. ಕಟ್ಟುವ ಹಂತದಲ್ಲಿ ಕ್ಯಾಶ್ ನನ್ ಹಾಕಿ, ಒಪ್ಪಿಸುವ ದಿನ ಮರಳಿ ಚಾಲೂ ಮಾಡುವುದು ಸರಿಯಾದ ರೂಢಿ.

ಐದೂವರೆ ಗಂಟೆ ಮುಂದಿನ ರಿಕ್ವೆಸ್ಟ್

2004ರಲ್ಲಿ ಬಂದ, ಸೋಪ್‌ನ ಭದ್ರತೆಯ ಮಾನದಂಡ ಡಬ್ಲ್ಯುಎಸ್-ಸೆಕ್ಯುರಿಟಿ ರಿಕ್ವೆಸ್ಟ್‌ಗೆ ಸಮಯದ ಮುದ್ರೆ ಒತ್ತುವ ದಾರಿ ಕೊಟ್ಟಿತು. ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಸರ್ವರ್ ಸಹಿಸುತ್ತದೆ. ಸಮಯ ಯುಟಿಸಿಯಲ್ಲಿರಬೇಕು, ಕೊನೆಯ ಜೆಡ್ ಅಕ್ಷರದ ಅರ್ಥ ಅದೇ. ಪಿಎಚ್‌ಪಿಯ ಡೇಟ್ ಫಂಕ್ಷನ್ ಬಳಸಿ ಬೆಳಿಗ್ಗೆ 10 ಗಂಟೆಯ ನಮ್ಮ ಸಮಯ ಬರೆದು ಜೆಡ್ ಅಂಟಿಸಿದರೆ, ಯುಟಿಸಿ ಇನ್ನೂ 4:30 ಆಗಿರುವುದರಿಂದ ರಿಕ್ವೆಸ್ಟ್ ಐದೂವರೆ ಗಂಟೆ ಮುಂದಿನಿಂದ ಬಂದಂತಾಗುತ್ತದೆ. ಜಿಎಂಡೇಟ್ ಬಳಸಿ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಓಡುವ ಯಂತ್ರವಾದರೆ ಮದರ್‌ಬೋರ್ಡ್‌ನ ಸಿಮೋಸ್ ಬ್ಯಾಟರಿ ಬದಲಿಸಿ, ಕೋಡ್ ಮುಟ್ಟಬೇಡಿ.

ಪಾಸ್‌ವರ್ಡನ್ನು ಬಚ್ಚಿಟ್ಟು ಕಳಿಸುವ ಪಾಸ್‌ವರ್ಡ್ ಡೈಜೆಸ್ಟ್ ಎಂದರೆ ನಾನ್ಸ್ (ಪ್ರತಿ ಸಲ ಹೊಸದಾಗಿ ಹುಟ್ಟಿಸುವ ಗುರುತು), ಸಮಯ, ಪಾಸ್‌ವರ್ಡ್ ಈ ಕ್ರಮದಲ್ಲಿ ಜೋಡಿಸಿ ಶಾ-1 ಮಾಡಿ ಬೇಸ್64ಕ್ಕೆ ತಿರುಗಿಸಿದ್ದು. ಪಿಎಚ್‌ಪಿಯ ಶಾ1 ಫಂಕ್ಷನ್ ತಾನಾಗಿ 40 ಅಕ್ಷರದ ಹೆಕ್ಸ್ ಕೊಡುತ್ತದೆ. ಎರಡನೇ ಆರ್ಗ್ಯುಮೆಂಟ್ ಟ್ರೂ ಎಂದು ಕೊಟ್ಟರೆ ಬೇಕಾದ 20 ಬೈಟ್ ಸಿಗುತ್ತದೆ. ಪತ್ತೆ ಸುಲಭ: ಕೊನೆಗೆ ಬಂದ ಡೈಜೆಸ್ಟ್ 28 ಅಕ್ಷರ ಇದ್ದರೆ ಲೆಕ್ಕ ಸರಿ, 56 ಇದ್ದರೆ ಹೆಕ್ಸನ್ನೇ ತಿರುಗಿಸಿದ್ದೀರಿ. ನಾನ್ಸ್ ಅನ್ನು ಕೂಡ ಬೇಸ್64 ಮಾಡುವ ಮೊದಲಿನ ಕಚ್ಚಾ ರೂಪದಲ್ಲೇ ಸೇರಿಸಬೇಕು.

ಇಷ್ಟರಲ್ಲಿ ಯಾವುದೇ ತೊಡಕಿದ್ದರೂ ತಂತಿಯ ಮೇಲೆ ಹೋದದ್ದನ್ನು ಕಣ್ಣಾರೆ ನೋಡದೆ ಬಗೆಹರಿಯುವುದಿಲ್ಲ. ಸೋಪ್‌ಕ್ಲೈಂಟ್‌ಗೆ ಟ್ರೇಸ್ ಆಯ್ಕೆ ಕೊಟ್ಟರಷ್ಟೇ ಗೆಟ್ ಲಾಸ್ಟ್ ರಿಕ್ವೆಸ್ಟ್ ಏನನ್ನಾದರೂ ತೋರಿಸುತ್ತದೆ, ಜೀಪ್‌ನಲ್ಲಿ ಹಿಸ್ಟರಿ ಪ್ಲಗಿನ್. ಸೋಪ್‌ಯುಐನಲ್ಲಿ ಗೆದ್ದ ರಿಕ್ವೆಸ್ಟ್ ಮತ್ತು ಇದನ್ನು ಅಕ್ಕಪಕ್ಕ ಇಟ್ಟು ಸಾಲುಸಾಲಾಗಿ ಹೋಲಿಸಿ, ಹೆಡರ್‌ಗಳನ್ನೂ ಬಿಡದೆ. ಉತ್ತರದಲ್ಲಿ ‘ಗಾಟ್ ನೋ ಎಕ್ಸ್‌ಎಂಎಲ್ ಡಾಕ್ಯುಮೆಂಟ್’ ಎಂದು ಬಂದಿದ್ದರೆ ಗೆಟ್ ಲಾಸ್ಟ್ ರೆಸ್ಪಾನ್ಸ್ ನೋಡಿ: ಮೊದಲ ಸಾಲಿನ ಮೇಲೆ ಖಾಲಿ ಜಾಗ ಇರಬಹುದು, ನೆಟ್‌ವರ್ಕ್‌ನ ಲಾಗಿನ್ ಪುಟ ಬಂದಿರಬಹುದು. ಸೇವೆ ಕೊಡುವವರು ಡಬ್ಲ್ಯುಎಸ್‌ಡಿಎಲ್ ಜೊತೆ ಗೆದ್ದ ರಿಕ್ವೆಸ್ಟ್‌ನ ಒಂದು ಪ್ರತಿಯನ್ನು, ಹೆಡರ್ ಸಮೇತ, ಮೊದಲ ದಿನವೇ ಕೊಟ್ಟರೆ ಈ ಹೋಲಿಕೆ ಹತ್ತು ನಿಮಿಷದ ಕೆಲಸ. ಎಷ್ಟೋ ಕಡೆ ಅದು ಕೇಳಿದರೂ ಸಿಗುವುದಿಲ್ಲ.

ಈಗಿನ ಹಂತದ ತಕರಾರು ಟಿಎಲ್‌ಎಸ್‌ನದು, ಅಂದರೆ ಸಂಪರ್ಕವನ್ನು ಗುಪ್ತವಾಗಿಡುವ ಪದ್ಧತಿಯದು. ಟಿಎಲ್‌ಎಸ್ 1.0 ಮತ್ತು 1.1 ಅನ್ನು 2021ರ ಮಾರ್ಚ್‌ನಲ್ಲಿ ಅಧಿಕೃತವಾಗಿ ಬದಿಗಿಟ್ಟರು; ಉಬುಂಟು 20.04 ಅದಕ್ಕೂ ಮೊದಲೇ 1.2ರ ಕೆಳಗಿನದನ್ನು ತಾನಾಗಿ ನಿರಾಕರಿಸುತ್ತಿತ್ತು. ಯಂತ್ರ ಹೊಸದಾದ ದಿನವೇ ಹಳೆಯ ಇಆರ್‌ಪಿ ‘ಕುಡ್ ನಾಟ್ ಕನೆಕ್ಟ್’ ಎನ್ನುವುದು ಇದರಿಂದ. ಆ ಸರ್ವರ್ ಬದಲಾಗುವವರೆಗೆ, ಆ ಒಂದು ಕ್ಲೈಂಟ್‌ನ ಸ್ಟ್ರೀಮ್ ಕಾಂಟೆಕ್ಸ್ಟ್‌ನಲ್ಲಿ ಮಾತ್ರ ಸೈಫರ್ಸ್ ಸಾಲಿಗೆ ಸೆಕ್‌ಲೆವೆಲ್ (ಭದ್ರತೆಯ ಮಟ್ಟ) 1 ಕೊಡಬಹುದು. ಟಿಎಲ್‌ಎಸ್ ನಡೆಸುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3 ಇದ್ದರೆ 0 ಬೇಕಾಗುತ್ತದೆ. ವೆರಿಫೈ ಪಿಯರ್ ಅನ್ನು ಫಾಲ್ಸ್ ಮಾಡಿದರೂ ಈ ತೊಡಕು ಹೋಗುವುದಿಲ್ಲ. ಸರ್ಟಿಫಿಕೇಟ್ ಪರೀಕ್ಷೆಯಷ್ಟೇ ನಿಂತು, ರೈತರ ಹೆಸರು, ಪಾಸ್‌ವರ್ಡ್ ಯಾರ ಕೈ ಸೇರುತ್ತಿದೆ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ.