ಅಲರ್ಜಿ ಬರೆಯುವ ಜಾಗ

ರಾತ್ರಿ ಹನ್ನೊಂದರ ಹೊತ್ತು. ಡ್ಯೂಟಿಯಲ್ಲಿದ್ದ ಡಾಕ್ಟರ್ ಕಂಪ್ಯೂಟರ್‌ನಲ್ಲಿ ಅಮಾಕ್ಸಿಸಿಲಿನ್ ಬರೆದರು. ಪರದೆ ತಕರಾರು ಮಾಡಲಿಲ್ಲ. ಮಾತ್ರೆ ಹಿಡಿದು ಬಂದ ನರ್ಸ್ ಅಭ್ಯಾಸಬಲದಿಂದ ಕೇಳಿದರು: "ನಿಮಗೆ ಯಾವುದಾದ್ರೂ ಔಷಧಿ ಆಗಿಬರಲ್ವಾ?"

"ಪೆನ್ಸಿಲಿನ್ ಆಗಲ್ಲ ಸಿಸ್ಟರ್. ಹೋದ ಸಲಾನೇ ಹೇಳಿದ್ನಲ್ಲ!"

ಅಮಾಕ್ಸಿಸಿಲಿನ್ ಪೆನ್ಸಿಲಿನ್ ಜಾತಿಯದೇ. ಮಾತ್ರೆ ವಾಪಸ್ ಹೋಯಿತು. ಮರುದಿನ ನಾನು ಕಡತ ತೆಗೆದು ನೋಡಿದೆ. ರೋಗಿ ಹೇಳಿದ್ದು ನಿಜ. ಎರಡು ವರ್ಷದ ಹಿಂದಿನ ಡಿಸ್ಚಾರ್ಜ್ ಸಾರಾಂಶದ ಮೂರನೇ ಪುಟದಲ್ಲಿ, ಒಂದು ಉದ್ದ ಪ್ಯಾರಾದ ನಡುವೆ, ಅದನ್ನು ಯಾರೋ ನೀಟಾಗಿ ಬರೆದಿದ್ದರು. ಆದರೆ ಕಂಪ್ಯೂಟರ್ ಔಷಧಿಯನ್ನು ತಾಳೆ ನೋಡುವುದು ಅಲರ್ಜಿ ಅನ್ನುವ ಕಾಲಂ ಜೊತೆ ಮಾತ್ರ. ಆ ಕಾಲಂನಲ್ಲಿ 'ಇಲ್ಲ' ಅಂತ ಇತ್ತು. ಯಾರೂ ಕೇಳಿ ತುಂಬಿದ್ದಲ್ಲ, ತಂತ್ರಾಂಶ ತಾನಾಗಿಯೇ ಹಾಕಿಕೊಂಡಿದ್ದು.

ನಾನು ಡಾಕ್ಟರ್. ದಿನದ ಅರ್ಧ ಭಾಗ ರೋಗಿಗಳ ಜೊತೆ, ಇನ್ನರ್ಧ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕಳೆಯುತ್ತೇನೆ. "ಈಗೆಲ್ಲಾ ಕಂಪ್ಯೂಟರ್‌ನಲ್ಲಿದೆ ಅಲ್ವಾ, ಇನ್ನೇನು ಚಿಂತೆ?" ಅಂತ ಜನ ಕೇಳುತ್ತಾರೆ. ಇದ್ದರೆ ಸಾಲದು. ಬರೆದದ್ದು ಔಷಧಿ ಬರೆಯುವ ಆ ಕ್ಷಣದಲ್ಲಿ, ಬರೆಯುವವರ ಕಣ್ಣಿಗೆ ಬೀಳಬೇಕು. ಹಳೇ ಕಾಗದಗಳನ್ನು ಸ್ಕ್ಯಾನ್ ಮಾಡಿ ಇಟ್ಟರೆ ಕಪಾಟು ಖಾಲಿಯಾಗುತ್ತದೆ, ಅಷ್ಟೇ.

ಆ 'ಇಲ್ಲ' ಅನ್ನುವ ಪದವನ್ನೇ ನೋಡಿ. ಕೇಳಿದೆವು, ಅಲರ್ಜಿ ಇಲ್ಲ ಅಂದರು, ಇದು ಒಂದು. ಕೇಳಲೇ ಇಲ್ಲ, ಇದು ಇನ್ನೊಂದು. ಕೇಳಿದೆವು, ರೋಗಿಗೆ ಗೊತ್ತಿಲ್ಲ, ಇದು ಮೂರನೆಯದು. ಮೂರಕ್ಕೂ ಒಂದೇ ಪದ ಇಟ್ಟರೆ ಮುಂದೆ ಓದುವವರು ಧೈರ್ಯವಾಗಿ ತಪ್ಪು ಮಾಡುತ್ತಾರೆ. ನಾವು ಆ ಕಾಲಂ ಅನ್ನು ಮೂರಾಗಿ ಒಡೆದೆವು. ಜೊತೆಗೆ, ತುಂಬದೆ ಮುಂದೆ ಹೋಗುವಂತಿಲ್ಲ ಅಂತಲೂ ಮಾಡಿದೆವು. ಆಮೇಲೇನಾಯ್ತು? ಅವಸರದಲ್ಲಿದ್ದವರು ಸುಮ್ನೆ ಒಂದು ಚುಕ್ಕಿ ಒತ್ತಿ ಮುಂದೆ ಹೋಗತೊಡಗಿದರು! ಅವರನ್ನೂ ಪೂರ್ತಿ ಬೈಯಲಾರೆ. ಹೊರಗೆ ಸಾಲು ಬೆಳೆಯುತ್ತಿರುತ್ತದೆ.

ಕಂಪ್ಯೂಟರ್ ನೆನಪಿಸಿದರೆ ಪ್ರಯೋಜನ ಇದೆಯಾ ಅನ್ನುವ ಪ್ರಶ್ನೆ ಹಳೆಯದು. ಅಮೆರಿಕದ ವೈದ್ಯ ಕ್ಲೆಮೆಂಟ್ ಮ್ಯಾಕ್‌ಡೊನಾಲ್ಡ್ 1976ರಲ್ಲೇ ಇದನ್ನು ಅಳೆದು ಪ್ರಕಟಿಸಿದರು. ಗಮನ ಕೊಡಬೇಕಾದ ಸಂಗತಿಯನ್ನು ಕಂಪ್ಯೂಟರ್ ನೆನಪಿಸಿದಾಗ ವೈದ್ಯರು ಶೇ. 51ರಷ್ಟು ಸಲ ಕ್ರಮ ಕೈಗೊಂಡಿದ್ದರು. ನೆನಪಿಸದಿದ್ದಾಗ ಶೇ. 22. ಇದು ತಿಳುವಳಿಕೆಯ ಕೊರತೆ ಅಲ್ಲ, ಒಂದು ತಲೆಯಲ್ಲಿ ಅಷ್ಟೊಂದು ಸಂಗತಿ ಒಟ್ಟಿಗೆ ನಿಲ್ಲುವುದಿಲ್ಲ ಅಂತ ಅವರ ವಾದ.

ಹಾಗಂತ ಎಲ್ಲದಕ್ಕೂ ನೆನಪಿಸುತ್ತಾ ಹೋದರೆ? ನಮ್ಮಲ್ಲಿ ಮೊದಲು ಹಾಗೇ ಇತ್ತು. ಒಂದು ಔಷಧಿ ಬರೆದರೆ ಪರದೆ ಮೇಲೆ ಎಚ್ಚರಿಕೆಯ ಹಳದಿ ಡಬ್ಬಿ, ಇನ್ನೊಂದಕ್ಕೆ ಕೆಂಪು ಡಬ್ಬಿ, ಹಚ್ಚುವ ಮುಲಾಮಿಗೂ ಎಚ್ಚರಿಕೆ. ಪಕ್ಕದಲ್ಲಿ ಕೂತು ಗಮನಿಸಿದೆ. ಡಬ್ಬಿ ತೆರೆಯುವ ಮೊದಲೇ ಬೆರಳು 'ಸರಿ' ಬಟನ್ ಬರುವ ಜಾಗದಲ್ಲಿ ಕಾಯುತ್ತಿತ್ತು. 2006ರ ಒಂದು ವಿಮರ್ಶೆಯ ಪ್ರಕಾರ, ಬೇರೆ ಬೇರೆ ಅಧ್ಯಯನಗಳಲ್ಲಿ ವೈದ್ಯರು ಇಂಥ ಎಚ್ಚರಿಕೆಗಳಲ್ಲಿ ಶೇ. 49ರಿಂದ 96ರವರೆಗೆ ದಾಟಿ ಹೋಗಿದ್ದರು. ಫಾರ್ಮಸಿಯವರ ಜೊತೆ ಕೂತು ನಾವು ಒಂದೊಂದನ್ನೇ ಕಿತ್ತು ಹಾಕಿದೆವು. ನನ್ನ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕಳೆ ಕೀಳುವ ಕೆಲಸವೇ ಇರಬೇಕು.

ಕಂಪ್ಯೂಟರ್ ನಿಜಕ್ಕೂ ನಮಗಿಂತ ಚೆನ್ನಾಗಿ ಮಾಡುವ ಒಂದು ಕೆಲಸ ಇದೆ: ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸುವುದು. ಕಿಡ್ನಿ ಹೇಗಿದೆ ಅಂತ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡುತ್ತೇವೆ. ಕಿಡ್ನಿಯ ಕೆಲಸ ಕುಗ್ಗಿದರೆ ಈ ಅಂಕಿ ಏರುತ್ತದೆ. ಒಬ್ಬರಿಗೆ ಮೊದಲ ಸಲ 0.7, ಮುಂದಿನ ವರ್ಷ 0.9, ಆಮೇಲೆ 1.2. ಒಂದೊಂದೇ ವರದಿ ಹಿಡಿದು ನೋಡಿದರೆ ಯಾವುದಕ್ಕೂ ಕೆಂಪು ಗುರುತು ಇಲ್ಲ. ಮೂರು ಜನ ಡಾಕ್ಟರ್ ಮೂರು ಸಲ "ನಾರ್ಮಲ್" ಅಂದಿದ್ದಾರೆ. ಗೆರೆ ಎಳೆದು ನೋಡಿ, ಏರುತ್ತಲೇ ಇದೆ. ಅದೇ ಪರದೆಯಲ್ಲಿ ಔಷಧಿ ಪಟ್ಟಿ ಕಂಡರೆ, ಮಂಡಿ ನೋವಿಗೆ ದಿನಾ ನುಂಗುತ್ತಿರುವ ಐಬುಪ್ರೊಫೆನ್ ಕಣ್ಣಿಗೆ ಬೀಳುತ್ತದೆ. ಅಂಥ ನೋವಿನ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ.

ಆದರೆ ಗೆರೆ ಎಳೆಯಬೇಕಾದರೆ ಮೂರೂ ವರದಿ ಒಂದೇ ಭಾಷೆಯಲ್ಲಿ ಇರಬೇಕು. ಒಂದು ಲ್ಯಾಬ್ ಮಿಲಿಗ್ರಾಂ ಲೆಕ್ಕದಲ್ಲಿ 1 ಅಂತ ಕೊಡುತ್ತದೆ, ಇನ್ನೊಂದು ಮೈಕ್ರೋಮೋಲ್ ಲೆಕ್ಕದಲ್ಲಿ 88 ಅಂತ. ಎರಡೂ ಹೆಚ್ಚುಕಮ್ಮಿ ಒಂದೇ. ಪರೀಕ್ಷೆಯ ಹೆಸರನ್ನೂ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇದಕ್ಕೇ 1994ರಲ್ಲಿ ಲೋಯಿಂಕ್ ಅನ್ನುವ ಸಂಕೇತ ಪಟ್ಟಿಯ ಕೆಲಸ ಶುರುವಾಯಿತು. ಬೇಜಾರು ಹಿಡಿಸುವ ಕೆಲಸ, ಅದಿಲ್ಲದೆ ಗೆರೆಯೂ ಇಲ್ಲ.

ಕಾಪಿ-ಪೇಸ್ಟ್ ಬಗ್ಗೆ ಎರಡು ಮಾತು. ಆಪರೇಷನ್ ಆಗಿ ಒಂಬತ್ತನೇ ದಿನದ ಟಿಪ್ಪಣಿಯಲ್ಲಿ "ಇವತ್ತು ಎರಡನೇ ದಿನ, ಡ್ರೈನ್ ಇದೆ" ಅಂತ ಓದಿದ್ದೇನೆ. ಡ್ರೈನ್, ಅಂದರೆ ಗಾಯದ ದ್ರವ ಹೊರಗೆ ಹರಿಸುವ ಕೊಳವೆ, ತೆಗೆದು ನಾಲ್ಕು ದಿನ ಆಗಿತ್ತು.

ಅಲರ್ಜಿಗೆ ವಾಪಸ್ ಬರುತ್ತೇನೆ. ಕಾಲಂ ಸರಿಹೋದ ಮೇಲೆ ಇನ್ನೊಂದು ತೊಂದರೆ ಎದ್ದಿತು. ಒಮ್ಮೆ ಅಂಟಿದ ಚೀಟಿ ಮತ್ತೆ ಬಿಡುವುದಿಲ್ಲ. ಪೆನ್ಸಿಲಿನ್ ಅಲರ್ಜಿ ಅಂತ ದಾಖಲಾದವರನ್ನು ಸರಿಯಾಗಿ ಪರೀಕ್ಷಿಸಿದರೆ ಹತ್ತರಲ್ಲಿ ಒಂಬತ್ತು ಜನರಿಗೆ ಪೆನ್ಸಿಲಿನ್ ಆಗಿಬರುತ್ತದೆ. ಚಿಕ್ಕವರಿದ್ದಾಗ ಮಾತ್ರೆ ನುಂಗಿ ವಾಂತಿ ಆಗಿರುತ್ತದೆ, ಅಥವಾ ಜ್ವರದ ಜೊತೆಗೇ ದದ್ದು ಎದ್ದಿರುತ್ತದೆ. ಚೀಟಿ ಇದ್ದ ಕಾರಣಕ್ಕೆ ಜೀವನಪೂರ್ತಿ ಬೇರೆ, ಜಾಸ್ತಿ ಅಡ್ಡಪರಿಣಾಮದ ಆಂಟಿಬಯಾಟಿಕ್ ನುಂಗುತ್ತಾರೆ. ಹಾಗಾಗಿ ಈಗ ಔಷಧಿ ಹೆಸರಿನ ಪಕ್ಕ, ಏನಾಯ್ತು, ಯಾವಾಗ ಆಯ್ತು ಅಂತ ಬರೆಯಲು ಜಾಗ ಇಟ್ಟಿದ್ದೇವೆ.

ಆ ರಾತ್ರಿಯ ರೋಗಿಯನ್ನೂ ಕೇಳಿದೆ. "ತುಟಿ ಊದ್ಕೊಂಡು ಉಸಿರು ಕಟ್ಟಿತ್ತು ಡಾಕ್ಟ್ರೇ, ಇಂಜೆಕ್ಷನ್ ಕೊಟ್ಟು ರಾತ್ರಿಯೆಲ್ಲಾ ಇಟ್ಕೊಂಡಿದ್ರು." ಇದು ನಿಜವಾದ ಅಲರ್ಜಿ. ಅವರೆದುರೇ ಟೈಪ್ ಮಾಡಿ, ಪರದೆ ತಿರುಗಿಸಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ಓದಿದರು. "ಹಾಗಾದ್ರೆ ಇನ್ಮೇಲೆ ನಾನು ಹೇಳ್ಬೇಕಾಗಿಲ್ಲ ಅಲ್ವಾ?"

"ಹೇಳ್ತಾನೇ ಇರಿ" ಅಂದೆ.