ಒಂದು ಶ್ಲೋಕಕ್ಕೆ ಒಂದು ಉಸಿರು

2021ರ ಮೇ ತಿಂಗಳು, ಕೋವಿಡ್‌ನ ಎರಡನೇ ಅಲೆ. ಅಪ್ಪನಿಗೆ ಆಕ್ಸಿಜನ್ ಬೆಡ್ ಸಿಕ್ಕಿ ಐದು ದಿನವಾಗಿತ್ತು. ಆಸ್ಪತ್ರೆಯ ಒಳಗೆ ಯಾರನ್ನೂ ಬಿಡುತ್ತಿರಲಿಲ್ಲ. ದಿನಕ್ಕೊಂದು ಸಲ, ಸಂಜೆ ನಾಲ್ಕರ ಮೇಲೆ, ವಾರ್ಡಿನಿಂದ ಫೋನ್ ಬರುತ್ತಿತ್ತು. ಮೂರೂವರೆಗೆಲ್ಲ ಅಮ್ಮ ಮಲ್ಲೇಶ್ವರದ ನಮ್ಮ ಮನೆಯಲ್ಲಿ ದೇವರ ಮುಂದೆ ಮಣೆ ಹಾಕಿಕೊಂಡು, ಫೋನನ್ನು ಪಕ್ಕದಲ್ಲಿಟ್ಟುಕೊಂಡು, ವಿಷ್ಣುಸಹಸ್ರನಾಮಕ್ಕೆ ಕೂರುತ್ತಿದ್ದಳು. ನಾನು ಏನು ಮಾಡಬೇಕೆಂದು ತೋಚದೆ ಗೋಡೆ ಗಡಿಯಾರ ನೋಡುತ್ತಿದ್ದೆ. ಹಾಗೆ ನೋಡುತ್ತಲೇ ಒಂದು ವಿಷಯ ಗಮನಕ್ಕೆ ಬಂತು. ಅಮ್ಮ ಒಂದು ಶ್ಲೋಕವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ, ತುಸು ತಡೆದು, ಉಸಿರೆಳೆದುಕೊಂಡು ಮುಂದಿನದಕ್ಕೆ ಹೋಗುತ್ತಿದ್ದಳು. ಎಣಿಸಿದೆ. ನಿಮಿಷಕ್ಕೆ ಆರು ಉಸಿರು, ಒಮ್ಮೊಮ್ಮೆ ಏಳು. ನನ್ನದನ್ನು ಎಣಿಸಿಕೊಂಡೆ. ಇಪ್ಪತ್ತು ದಾಟಿತ್ತು.

ಈ ಆರರ ಲೆಕ್ಕ ನಮ್ಮ ಮನೆಯದೊಂದೇ ಅಲ್ಲ. 2001ರಲ್ಲಿ ಇಟಲಿಯ ವೈದ್ಯ ಲುಸಿಯಾನೊ ಬರ್ನಾರ್ಡಿ ಮತ್ತು ಸಂಗಡಿಗರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆರೋಗ್ಯವಂತರಾದ 23 ಜನರಿಂದ ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯನ್ನು ಲ್ಯಾಟಿನ್‌ನಲ್ಲಿ ಹೇಳಿಸಿದರು, ‘ಓಂ ಮಣಿ ಪದ್ಮೇ ಹೂಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಬಂದು ನಿಂತಿತು. ಕತ್ತಿನ ದೊಡ್ಡ ರಕ್ತನಾಳದ ಗೋಡೆಯಲ್ಲಿ, ಹೃದಯದಿಂದ ಹೊರಡುವ ಮಹಾಧಮನಿಯಲ್ಲಿ ರಕ್ತದೊತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಏರಿದರೆ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ, ಮಿದುಳು ಹೃದಯದ ಓಟವನ್ನು ತಗ್ಗಿಸುತ್ತದೆ. ಈ ಏರಿಳಿತಕ್ಕೆ ತನ್ನದೇ ಲಯವಿದೆ, ಸುಮಾರು ಹತ್ತು ಸೆಕೆಂಡಿಗೆ ಒಂದು ಸುತ್ತು. ಉಸಿರೂ ಹತ್ತು ಸೆಕೆಂಡಿನದಾದಾಗ ಎರಡೂ ತಾಳ ಕೂಡುತ್ತವೆ. ಆಗ ಈ ವ್ಯವಸ್ಥೆ ಇನ್ನಷ್ಟು ಚುರುಕಾಗುತ್ತದೆ. ಎಂಟೆಂಟು ಅಕ್ಷರದ ನಾಲ್ಕು ಪಾದ, ಒಟ್ಟು 32 ಅಕ್ಷರದ ಅನುಷ್ಟುಪ್ ಶ್ಲೋಕವನ್ನು ನಿಧಾನವಾಗಿ ಹೇಳಿ ಉಸಿರೆಳೆದುಕೊಂಡರೆ ಹೆಚ್ಚುಕಡಿಮೆ ಅಷ್ಟೇ ಹೊತ್ತು. ದೇಹದ ಲಯ ನೋಡಿಕೊಂಡೇ ಛಂದಸ್ಸು ಕಟ್ಟಿದರು ಎಂದು ನಾನು ಹೇಳಲಾರೆ. ಆದರೆ ಭಯದಲ್ಲಿ ಬಾಯಿಗೆ ಬರುವ ಮಾತು ಇಷ್ಟುದ್ದದ್ದಾಗಿರುವುದು ನಮ್ಮ ಪುಣ್ಯ.

ಉಸಿರಿನಾಚೆಗೂ ಒಂದು ಸಂಗತಿಯಿದೆ. 2006ರ ಲೆಬನಾನ್ ಯುದ್ಧದಲ್ಲಿ ಉತ್ತರ ಇಸ್ರೇಲಿನ ಮೇಲೆ ರಾಕೆಟ್‌ಗಳು ಬೀಳುತ್ತಿದ್ದಾಗ ಅಲ್ಲಿನ ಶ್ರದ್ಧಾವಂತ ಮಹಿಳೆಯರು ಬೈಬಲಿನ ಕೀರ್ತನೆಗಳನ್ನು ಪಠಿಸುತ್ತಿದ್ದರು. ಆ ಮಹಿಳೆಯರನ್ನು ಮಾನವಶಾಸ್ತ್ರಜ್ಞ ರಿಚರ್ಡ್ ಸೋಸಿಸ್ ಅಧ್ಯಯನ ಮಾಡಿದರು. ರಾಕೆಟ್ ಬೀಳುವ ಜಾಗದಲ್ಲೇ ಉಳಿದವರಲ್ಲಿ ಪಠಣ ಮಾಡಿದವರಿಗೆ ಆತಂಕ ಕಡಿಮೆಯಿತ್ತು. ಊರು ಬಿಟ್ಟು ಸುರಕ್ಷಿತ ಜಾಗಕ್ಕೆ ಹೋದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಮನೆ ಹುಡುಕುವುದು, ದುಡ್ಡು ಹೊಂದಿಸುವುದು ಇವೆಲ್ಲ ಓಡಾಡಿ ಬಗೆಹರಿಸಿಕೊಳ್ಳುವ ಚಿಂತೆಗಳು. ರಾಕೆಟ್ ಹಾಗಲ್ಲ. ಸಂಜೆ ನಾಲ್ಕರ ಫೋನ್ ಕೂಡ ಹಾಗಲ್ಲ. ನಮ್ಮ ಕೈಯಲ್ಲಿ ಏನೂ ಇಲ್ಲದ ಆ ಅರ್ಧ ಗಂಟೆಗೆ ಅಮ್ಮನಿಗೊಂದು ಕೆಲಸವಿತ್ತು, ನನಗಿರಲಿಲ್ಲ.

ಬೆಂಗಳೂರು ಇಂಥ ಭಯವನ್ನು ಮೊದಲೂ ಕಂಡಿದೆ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯ ರೈಲಿನೊಂದಿಗೆ ಪ್ಲೇಗು ಇಲ್ಲಿಗೆ ಬಂತು. ಅದು ಇಲಿಯ ಮೈಮೇಲಿನ ಚಿಗಟದಿಂದ ಹರಡುತ್ತದೆ ಎಂದು ಪಾಲ್ ಲೂಯಿ ಸಿಮೋನ್ ಕರಾಚಿಯಲ್ಲಿ ಕಂಡುಕೊಂಡದ್ದೂ ಅದೇ ವರ್ಷ, ಅವರ ಮಾತನ್ನು ವೈದ್ಯಲೋಕ ಒಪ್ಪಲು ಇನ್ನೂ ಹಲವು ವರ್ಷ ಬೇಕಾಯಿತು. ಅಂಥ ಕತ್ತಲೆಯಲ್ಲಿ ಜನ ಪರದೇಶಿ ಹೆಸರಿನ ಆ ಕಾಯಿಲೆಗೆ ‘ಅಮ್ಮ’ ಎಂದು ಸೇರಿಸಿ ಪ್ಲೇಗಮ್ಮನ ಗುಡಿ ಕಟ್ಟಿದರು. ತ್ಯಾಗರಾಜನಗರದಲ್ಲಿ ಇವತ್ತಿಗೂ ಪ್ಲೇಗ್ ಮಾರಿಯಮ್ಮನಿಗೆ ಪೂಜೆ ನಡೆಯುತ್ತದೆ. ಆದರೆ ಗುಡಿ ಕಟ್ಟಿದವರು ಗುಡಿಯಲ್ಲೇ ಕೂರಲಿಲ್ಲ. ಇಲಿ ಬಿದ್ದ ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಂಡರು. ಗಾಳಿ ಬೆಳಕು ಆಡುವ ಮಲ್ಲೇಶ್ವರ, ಬಸವನಗುಡಿಯಂಥ ಹೊಸ ಬಡಾವಣೆಗಳು ತುಂಬಿಕೊಂಡದ್ದು ಆ ಭಯದಿಂದಲೇ. ನಾವು ಕೂತು ಫೋನಿಗೆ ಕಾಯುತ್ತಿದ್ದ ಮನೆಯ ಬೀದಿಯೂ ಹಾಗೆ ಹುಟ್ಟಿದ್ದು.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ತಪ್ಪು. ಪ್ರಾರ್ಥನೆಯಿಂದ ದೂರದಲ್ಲಿರುವ ರೋಗಿ ಗುಣವಾಗುತ್ತಾನೆಯೇ ಎಂದು ಅಮೆರಿಕದಲ್ಲಿ ಹರ್ಬರ್ಟ್ ಬೆನ್ಸನ್ ತಂಡ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1802 ಜನರಲ್ಲಿ ಪರೀಕ್ಷಿಸಿತು. 2006ರಲ್ಲಿ ಫಲಿತಾಂಶ ಬಂತು. ಬೇರೆಯವರ ಪ್ರಾರ್ಥನೆಯಿಂದ ತೊಡಕುಗಳು ಕಡಿಮೆಯಾಗಿರಲಿಲ್ಲ. ಶಕ್ತಿ ಸಿಗುವುದು ಪ್ರಾರ್ಥಿಸುವವರಿಗೆ. ಅಪ್ಪನನ್ನು ಉಳಿಸಿದ್ದು ಆಕ್ಸಿಜನ್, ಸ್ಟೆರಾಯ್ಡ್, ಮುಖ ಕಾಣದಷ್ಟು ಮುಚ್ಚಿಕೊಂಡು ದುಡಿದ ನರ್ಸುಗಳು. ಹತ್ತೊಂಬತ್ತನೇ ದಿನ ಅಪ್ಪ ಮನೆಗೆ ಬಂದರು.

ಎದುರುಮನೆಯ ಅಂಕಲ್ ಬರಲಿಲ್ಲ. ಆಂಟಿ ದೀಪ ಹಚ್ಚುವುದನ್ನು ನಿಲ್ಲಿಸಿದರು. ಫೋನ್ ಮಾಡಿದ ನೆಂಟರು ಕೆಲವರು ‘ಏನು ಕರ್ಮವೋ’ ಎಂದರಂತೆ. ಆ ಮಾತು ಎಷ್ಟು ಕ್ರೂರ ಎಂಬುದು ಮನಶ್ಶಾಸ್ತ್ರಜ್ಞ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ತಿಳಿಯಿತು. ಆಸ್ಪತ್ರೆ ಸೇರಿದ್ದ 596 ವೃದ್ಧರನ್ನು ಎರಡು ವರ್ಷ ಗಮನಿಸಿದಾಗ, ‘ದೇವರು ನನ್ನ ಕೈಬಿಟ್ಟ’ ಎಂದು ಒಳಗೊಳಗೇ ಬೆಂದವರಲ್ಲಿ ಸಾವಿನ ಸಾಧ್ಯತೆ ಹೆಚ್ಚಾಗಿತ್ತು. ನಂಬಿಕೆ ಆಸರೆಯಾಗುವಷ್ಟೇ ಸಲೀಸಾಗಿ ಗಾಯವೂ ಆಗುತ್ತದೆ.

ಅಮ್ಮ ದಿನಾ ಸಂಜೆ ಒಂದು ಡಬ್ಬಿ ಸಾರು ಹಿಡಿದು ಎದುರುಮನೆಗೆ ಹೋಗುತ್ತಿದ್ದಳು. ವೆರಾಂಡದಲ್ಲಿ ಮಾಸ್ಕ್ ಹಾಕಿಕೊಂಡು, ದೂರದೂರ ಎರಡು ಕುರ್ಚಿ. ಒಂದು ದಿನ ಆಂಟಿ ಕೇಳಿದರು, ‘ನಿಮ್ಮವರು ಬಂದ್ರು. ನಾನೂ ಅದೇ ದೇವರಿಗೆ ಅಲ್ವೇನ್ರೀ ಕೈ ಮುಗಿದಿದ್ದು?’

ಅಮ್ಮ ಏನೂ ಹೇಳಲಿಲ್ಲ. ಕತ್ತಲಾಗುವವರೆಗೂ ಅಲ್ಲೇ ಕೂತಿದ್ದಳು. ಮರುದಿನ ಮತ್ತೆ ಸಾರಿನ ಡಬ್ಬಿ ತೊಳೆದು ಒರೆಸಿ ಇಟ್ಟುಕೊಂಡಳು.