ಮುರಕಲ್ಲಿನ ನೀರಿನಲ್ಲಿ ಸಾಕು ಸಿಗಡಿ

ಕಾಸರಗೋಡಿನ ಗುಡ್ಡದ ಬದಿಯ ಮನೆಗಳಲ್ಲಿ, ಮುರಕಲ್ಲಿಗೆ (ಜಂಬಿಟ್ಟಿಗೆ) ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದುಬರುವ ನೀರನ್ನು ಕುಡಿದು ಬೆಳೆದವರಿಗೆ ಅದಕ್ಕಿಂತ ಒಳ್ಳೆಯ ನೀರು ಬೇರೊಂದಿಲ್ಲವೆಂಬ ಅಭಿಮಾನವಿದೆ. ಅದು ತಪ್ಪೇನಲ್ಲ. ಆದರೆ ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಸಿಗಡಿ ಸಾಕಹೊರಟವರಿಗೆ ಮೊದಲ ತೊಡಕು ಎದುರಾಗುವುದೂ ಆ ನೀರಿನಲ್ಲೇ. ಮುರಕಲ್ಲು ರೂಪುಗೊಳ್ಳುವಾಗ ಸುಣ್ಣದಂಥ ಲವಣಗಳೆಲ್ಲ ಮಳೆಯಲ್ಲಿ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಆಕ್ಸೈಡುಗಳೇ ಹೆಚ್ಚಾಗಿ ಉಳಿದಿರುವುದರಿಂದ, ಅದರೊಳಗಿಂದ ಜಿನುಗುವ ನೀರು ಸಾಮಾನ್ಯವಾಗಿ ಮೃದುವಾಗಿಯೂ ತುಸು ಆಮ್ಲೀಯವಾಗಿಯೂ ಇರುತ್ತದೆ.

ಹೊಸಬರು ತರುವುದು ಹೆಚ್ಚಾಗಿ ಚೆರ್ರಿ ಸಿಗಡಿ, ಅಂದರೆ ಪೂರ್ವ ಏಷ್ಯಾ ಮೂಲದ ನಿಯೋಕ್ಯಾರಿಡಿನಾ ಡೇವಿಡಿ. ಬೆಳೆಯಬೇಕಾದರೆ ಇದು ಮೈಮೇಲಿನ ಕವಚವನ್ನು ಮತ್ತೆ ಮತ್ತೆ ಕಳಚಬೇಕು. ಹೊಸ ಕವಚ ಗಟ್ಟಿಯಾಗಲು ಬೇಕಾದ ಕ್ಯಾಲ್ಸಿಯಂನಲ್ಲಿ ಬಹಳಷ್ಟನ್ನು ಕಿವಿರುಗಳ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತದೆ. ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ ಲೀಟರಿಗೆ 100ರಿಂದ 150 ಮಿಲಿಗ್ರಾಂನಷ್ಟು ಗಡಸುತನವಿದ್ದರೆ ಇದಕ್ಕೆ ಹಿತ. ಅದಕ್ಕಿಂತ ತೀರಾ ಕಡಿಮೆಯಾದರೆ ಕವಚ ಕಳಚುವ ಹೊತ್ತಿನಲ್ಲೇ ಸಿಗಡಿ ಸಾಯಬಹುದು.

ಸುಣ್ಣದ ಅಗತ್ಯ ಅಲ್ಲಿಗೇ ಮುಗಿಯುವುದಿಲ್ಲ. ಸಿಗಡಿಯ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿಯೂ ಮತ್ತೊಂದು ಬಗೆಯವು ಆ ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಕೆಲಸದಲ್ಲಿ ನೀರಿನ ಕ್ಷಾರೀಯತೆ ಖರ್ಚಾಗುತ್ತ ಹೋಗುತ್ತದೆ, ನೀರು ಹುಳಿಯಾದಂತೆ ಬ್ಯಾಕ್ಟೀರಿಯಾಗಳೂ ಮಂಕಾಗುತ್ತವೆ. ಹಾಗಾಗಿ ಇಲ್ಲಿನ ತೊಟ್ಟಿಗೆ ಆರಂಭದಿಂದಲೇ ಸುಣ್ಣದಂಶ ಸೇರಿಸುವುದು ಲೇಸು. ಕುದಿಸಿ ತೊಳೆದ ಕಪ್ಪೆಚಿಪ್ಪಿನ ಚೂರುಗಳನ್ನು ಫಿಲ್ಟರಿನ ಬಳಿ ಇಟ್ಟರೆ ಆಮ್ಲೀಯ ನೀರಿನಲ್ಲಿ ನಿಧಾನವಾಗಿ ಕರಗುತ್ತವೆ. ಮೆಗ್ನೀಸಿಯಂ ಕೂಡ ಬೇಕಾಗುವುದರಿಂದ ಸಿಗಡಿಗೆಂದೇ ಮಾರುವ ಖನಿಜ ಲವಣ ಇನ್ನೂ ಉತ್ತಮ. ಅಡಕೆಯವರ ಮನೆಯಲ್ಲಿ ಸುಣ್ಣಕ್ಕೆ ಬರವಿಲ್ಲವಾದರೂ ಅರಳಿಸಿದ ಸುಣ್ಣವನ್ನು ಹಾಕಲೇಬಾರದು, ಪಿಎಚ್ ಒಮ್ಮೆಲೇ ಮೇಲಕ್ಕೇರುತ್ತದೆ.

ಸುಮಾರು 30 ಲೀಟರಿನ ತೊಟ್ಟಿ, ಸ್ಪಂಜಿನ ಫಿಲ್ಟರು, ಒಂದಿಷ್ಟು ಪಾಚಿಗಿಡ ಇದ್ದರೆ ಸಾಕು. ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಚಿಟಿಕೆ ಮೀನಿನ ಆಹಾರ ಹಾಕುತ್ತ 4ರಿಂದ 6 ವಾರ ಕಾಯಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗಿಳಿದದ್ದು ಪರೀಕ್ಷೆಯಲ್ಲಿ ಕಂಡ ಮೇಲಷ್ಟೇ ಸಿಗಡಿ ತರುವುದು ಸರಿ.

ನಮ್ಮ ತೋಟದ ನಾಡಿನಲ್ಲಿ ಇದಕ್ಕಿಂತ ದೊಡ್ಡ ಅಪಾಯ ತಾಮ್ರದ್ದು. ಸಿಗಡಿಯ ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಸಯನಿನ್‌ನಲ್ಲಿ ತಾಮ್ರವೇ ಇದೆ ಎನ್ನುವುದು ನಿಜ. ಆದರೆ ನೀರಿನಲ್ಲಿ ಅದರ ಪ್ರಮಾಣ ಸ್ವಲ್ಪ ಹೆಚ್ಚಿದರೂ ಕಿವಿರುಗಳು ಕೆಟ್ಟು ಸಿಗಡಿಗಳು ಸಾಯುತ್ತವೆ, ಮೃದು ನೀರಿನಲ್ಲಂತೂ ತಾಮ್ರದ ವಿಷ ಇನ್ನಷ್ಟು ತೀವ್ರ. ಅಡಕೆಯ ಕೊಳೆರೋಗಕ್ಕೆ ಮುಂಗಾರಿನ ಆರಂಭದಲ್ಲೊಮ್ಮೆ, ಆಮೇಲೆ ಸುಮಾರು 40-45 ದಿನಗಳಿಗೆ ಮತ್ತೊಮ್ಮೆ ಸಿಂಪಡಿಸುವ ಬೋರ್ಡೋ ದ್ರಾವಣ ಮೈಲುತುತ್ತಿನದೇ (ತಾಮ್ರದ ಸಲ್ಫೇಟಿನದೇ) ಅಲ್ಲವೇ? ಆ ಬಕೆಟು, ಪೈಪುಗಳನ್ನು ಎಷ್ಟು ತೊಳೆದರೂ ತೊಟ್ಟಿಗೆ ಬಳಸಬಾರದು. ಮದ್ದು ಸಿಂಪಡಿಸಿದ ದಿನಗಳಲ್ಲಿ ತೋಟದ ಕೆರೆಯ ನೀರನ್ನಾಗಲಿ ಅಲ್ಲಿನ ಎಲೆಗಳನ್ನಾಗಲಿ ತರಬಾರದು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರಿಗೂ, ಕೋಣೆಯಲ್ಲಿ ಸೊಳ್ಳೆಗೆ ಹೊಡೆಯುವ ಸ್ಪ್ರೇಗೂ ಇದೇ ಎಚ್ಚರ ಬೇಕು.

ಸೆಕೆಗಾಲದಲ್ಲಿ ನೀರು 28 ಡಿಗ್ರಿ ದಾಟಿದಂತೆ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. ಮೇಲ್ಮೈಗೆ ಫ್ಯಾನ್ ಹಾಕಿದರೆ ನೀರು ಆವಿಯಾಗಿ ತಣಿಯುವುದುಂಟು, ಆದರೆ ಕರಾವಳಿಯ ತೇವಭರಿತ ಗಾಳಿಯಲ್ಲಿ ಅದರ ಫಲ ಕಡಿಮೆ. ಗುಳ್ಳೆ ಬಿಡುವ ಪಂಪನ್ನು ನಿಲ್ಲಿಸದಿರುವುದೇ ಹೆಚ್ಚು ಉಪಯುಕ್ತ. ಆವಿಯಾಗಿ ಹೋದಷ್ಟನ್ನು ತುಂಬಲು ಮಾತ್ರ ಲವಣ ಸೇರಿಸದ ಸುರಂಗದ ನೀರೇ ಸರಿ, ಏಕೆಂದರೆ ಲವಣಗಳು ತೊಟ್ಟಿಯಲ್ಲೇ ಉಳಿದಿರುತ್ತವೆ.

ತಂದ ಸಿಗಡಿಗಳನ್ನು ಒಮ್ಮೆಲೇ ಸುರಿಯದೆ, ಸಪೂರ ನಳಿಗೆಯಿಂದ ತೊಟ್ಟಿಯ ನೀರನ್ನು ಅವುಗಳ ಪಾತ್ರೆಗೆ ಒಂದೆರಡು ಗಂಟೆ ಹನಿಹನಿಯಾಗಿ ಬಿಟ್ಟು ಒಗ್ಗಿಸಬೇಕು. ಕೆಲವೇ ದಿನಗಳಲ್ಲಿ ತಳದಲ್ಲಿ ಪಾರದರ್ಶಕವಾದ, ಒಳಗೇನೂ ಇಲ್ಲದ ಸಿಗಡಿಯ ಆಕಾರ ಕಂಡರೆ ಗಾಬರಿಯಾಗಬೇಕಿಲ್ಲ, ಅದು ಕಳಚಿದ ಕವಚ; ಅದನ್ನು ಉಳಿದವು ತಿಂದು ಖನಿಜಗಳನ್ನು ಮರಳಿ ಪಡೆಯುವುದರಿಂದ ಅಲ್ಲಿಯೇ ಬಿಡಬಹುದು.